ಗಂಗೆಯ ದಡದಲ್ಲಿ ಕಾದು ನಿಂತ ತಾಯಿ



ಈ ಸಂಜೆ ಮಾತನಾಡಬೇಕೆಂದು ಬಳಗದ ಕಾರ್ಯದರ್ಶಿಗಳು ಕೇಳಿಕೊಂಡಾಗ, ರಕ್ತದೊತ್ತಡವನ್ನೋ ಸಕ್ಕರೆ ಕಾಯಿಲೆಯನ್ನೋ ಕುರಿತು ನಾಲ್ಕು ಮಾತು ಹೇಳುತ್ತೇವೆಂದು ಅವರು ನಿರೀಕ್ಷಿಸಿದ್ದಿರಬೇಕು. ವೈದ್ಯರನ್ನು ಕರೆದರೆ ಊಟಕ್ಕೆ ಮೊದಲು ಎಣ್ಣೆ ಸಿಹಿ ಕಡಿಮೆ ಮಾಡಿರೆಂಬ ಉಪದೇಶ, ಅದಾದ ಮೇಲೆ ತುಪ್ಪ ಹಾಕಿದ ಹೋಳಿಗೆ, ಇದು ನಮ್ಮ ಕೂಟಗಳ ಸಂಪ್ರದಾಯ. ಹೋಳಿಗೆಗೆ ನಮ್ಮ ಅಡ್ಡಿಯಿಲ್ಲ. ಉಪದೇಶವನ್ನು ಮಾತ್ರ ಈ ಸಲ ಬಿಟ್ಟು, ದೂರದರ್ಶನದ ಧಾರಾವಾಹಿಯೊಂದರಲ್ಲಿ ಬರುವ ಒಬ್ಬ ತಾಯಿ, ಒಬ್ಬ ಮಗನ ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇವೆ. ತಾಯಿ ಕುಂತಿ, ಮಗ ಕರ್ಣ.

ಬಿ.ಆರ್. ಚೋಪ್ರಾ ಅವರ 'ಮಹಾಭಾರತ' ಭಾರತದಲ್ಲಿ 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ 94 ಕಂತುಗಳಲ್ಲಿ ಪ್ರಸಾರವಾಯಿತು. ಆಗ ನಾವು ಮೈಸೂರಿನಲ್ಲಿ ವೈದ್ಯಕೀಯ ವಿದ್ಯಾರ್ಥಿ. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿನಿಲಯದ ಒಂದೇ ಒಂದು ಟಿ.ವಿ.ಯ ಮುಂದೆ ಅಡಿಗೆಯವರೂ ಸೇರಿದಂತೆ ಎಲ್ಲರೂ ಕುಳಿತಿರುತ್ತಿದ್ದರು. ಹಿಂದಿ ಅರ್ಥವಾಗದವರಿಗೂ ಕಥೆ ಅರ್ಥವಾಗುತ್ತಿತ್ತು. ಅದೇ 1990ರಲ್ಲಿ ಬಿ.ಬಿ.ಸಿ.ಯ ಎರಡನೆಯ ವಾಹಿನಿ ಇಂಗ್ಲಿಷ್ ಅಡಿಬರಹಗಳೊಡನೆ ಅದನ್ನು ಈ ದೇಶದಲ್ಲಿ ತೋರಿಸತೊಡಗಿತು. ನಮಗಿಂತ ಮೊದಲು ಬರ್ಮಿಂಗ್‌ಹ್ಯಾಮಿಗೆ ಬಂದು ನೆಲೆಸಿದ ಹಿರಿಯರು, ಆ ಹೊತ್ತಿನಲ್ಲಿ ಯಾರ ಮನೆಗೂ ಯಾರೂ ಫೋನು ಮಾಡುತ್ತಿರಲಿಲ್ಲವೆಂದು ಇಂದಿಗೂ ನೆನೆಯುತ್ತಾರೆ. ನಾಜ್ನೀನ್ ಅವರ ಕುಂತಿ, ಪಂಕಜ್ ಧೀರ್ ಅವರ ಕರ್ಣ. ಗಂಗೆಯ ದಡದಲ್ಲಿ ಇವರಿಬ್ಬರೂ ಎದುರಾಗುವ ದೃಶ್ಯದಲ್ಲಿ ಕಣ್ಣೊರಸಿಕೊಳ್ಳದ ಗೃಹಿಣಿ ಇರಲಿಲ್ಲ. ಗಂಡಸರು ಆಗ ಅಡಿಗೆಮನೆಗೆ ನೀರು ಕುಡಿಯಲು ಎದ್ದು ಹೋಗುತ್ತಿದ್ದರಂತೆ.

ಕಥೆ ತಮಗೆಲ್ಲ ಗೊತ್ತಿದ್ದದ್ದೇ. ಆದರೂ ವ್ಯಾಸರು ಅದನ್ನು ಹೇಳಿರುವ ಕ್ರಮವನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳ್ಳೆಯದು. ವೈದ್ಯನ ಕಣ್ಣಿಗೆ ಅಲ್ಲಿನ ಸಣ್ಣ ವಿವರಗಳೇ ದೊಡ್ಡವು. ಅವಿವಾಹಿತೆಯಾದ ಹುಡುಗಿ ದಾದಿಯೊಬ್ಬಳ ನೆರವಿನಿಂದ, ನಡುರಾತ್ರಿಯಲ್ಲಿ, ಮೇಣ ಮೆತ್ತಿ ನೀರು ನುಗ್ಗದಂತೆ ಮಾಡಿದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ ಅಶ್ವನದಿಯಲ್ಲಿ ತೇಲಿಬಿಡುತ್ತಾಳೆ. ಪೆಟ್ಟಿಗೆ ಚರ್ಮಣ್ವತಿಗೆ, ಅಲ್ಲಿಂದ ಯಮುನೆಗೆ, ಅಲ್ಲಿಂದ ಗಂಗೆಗೆ ಸೇರಿ ಚಂಪಾನಗರಿಯ ಬಳಿ ಸೂತನಾದ ಅಧಿರಥನಿಗೆ ಸಿಗುತ್ತದೆ. ಅವನ ಹೆಂಡತಿ ರಾಧೆ ಮಗುವನ್ನು ಎದೆಗೆ ಹಚ್ಚಿಕೊಳ್ಳುತ್ತಾಳೆ. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಮಗು ಎಲ್ಲಿ, ಯಾರ ಮನೆಯಲ್ಲಿ ಬೆಳೆಯುತ್ತಿದೆಯೆಂಬುದು ಚಾರರ ಮೂಲಕ ಕುಂತಿಗೆ ತಿಳಿದಿತ್ತೆಂದು ವನಪರ್ವ ಹೇಳುತ್ತದೆ. ಇದನ್ನು ನಾವು ಬಹಳ ತಡವಾಗಿ ಗಮನಿಸಿದೆವು. ಅವಳು ಮಗನನ್ನು ಕಳೆದುಕೊಂಡವಳಲ್ಲ, ದೂರದಿಂದ ಬಲ್ಲವಳು. ಅಸ್ತ್ರಪರೀಕ್ಷೆಯ ದಿನ ತುಂಬಿದ ಸಭೆಯಲ್ಲಿ ಕರ್ಣನ ಕುಲವನ್ನು ಕೇಳಿ ಅವಮಾನಿಸಿದಾಗ ಅವಳು ಮೂರ್ಛೆ ಹೋದಳು, ಬಾಯಿ ತೆರೆಯಲಿಲ್ಲ. ಆ ಒಂದು ಮಾತು ಅಂದು ಬಂದಿದ್ದರೆ ಅವನಿಗೆ ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿರಲಿಲ್ಲ. ಆ ಹೊತ್ತಿಗೆ ಅವನ ಹೆಗಲ ಮೇಲೆ ಕೈಯಿಟ್ಟವನು ದುರ್ಯೋಧನ. ನೊಂದ ಮಕ್ಕಳು ತಮ್ಮನ್ನು ಮೊದಲು ಒಪ್ಪಿಕೊಂಡವರನ್ನು, ಅವರು ಎಂಥವರೇ ಆಗಿರಲಿ, ಜೀವಮಾನ ಬಿಡುವುದಿಲ್ಲವೆಂಬುದನ್ನು ನಾವು ಚಿಕಿತ್ಸಾಲಯದಲ್ಲಿಯೂ ಕಂಡಿದ್ದೇವೆ.

ಅವಳು ಬಾಯಿ ತೆರೆದದ್ದು ಯುದ್ಧ ಖಚಿತವಾದ ಮೇಲೆ. ಕರ್ಣನು ಗಂಗೆಯ ದಡದಲ್ಲಿ ಪೂರ್ವಾಭಿಮುಖನಾಗಿ ಕೈಯೆತ್ತಿ ಜಪದಲ್ಲಿದ್ದಾನೆ. ಬೆನ್ನು ಬಿಸಿಯಾಗುವಷ್ಟು ಬಿಸಿಲೇರುವವರೆಗೂ ಅವಳು ಅವನ ಉತ್ತರೀಯದ ನೆರಳಿನಲ್ಲಿ, ಬಾಡಿದ ತಾವರೆಯ ಮಾಲೆಯಂತೆ ಕಾದು ನಿಲ್ಲುತ್ತಾಳೆ. ಅವನು ತಿರುಗಿ ನೋಡಿ, ರಾಧೆಯ ಮಗ, ಅಧಿರಥನ ಮಗ ಎಂದು ತನ್ನ ಪರಿಚಯ ಹೇಳಿಕೊಂಡು ನಮಸ್ಕರಿಸುತ್ತಾನೆ. ಅವಳು ನೀನು ರಾಧೆಯ ಮಗನಲ್ಲ ಎನ್ನುತ್ತಾಳೆ. ಅಲ್ಲಿಗೇ ನಿಂತಿದ್ದರೆ ಕಥೆ ಬೇರೆಯಾಗುತ್ತಿತ್ತೋ ಏನೋ. ಆದರೆ ಅವಳ ಮಾತು ನಿಲ್ಲದೆ ಮುಂದುವರಿಯುತ್ತದೆ: ತಮ್ಮಂದಿರನ್ನು ಸೇರು, ಅರ್ಜುನನೊಡನೆ ಒಂದಾಗು.

ಕರ್ಣನ ಉತ್ತರವನ್ನು ಗಮನಿಸಬೇಕು. ನದಿಯಲ್ಲಿ ಬಿಟ್ಟದ್ದು ತಪ್ಪೆಂದು ಅವನು ಹೇಳದಿರುವುದಿಲ್ಲ. ಶತ್ರುವೂ ಮಾಡದ ಕೇಡನ್ನು ಮಾಡಿದೆ ಎನ್ನುತ್ತಾನೆ. ಆದರೆ ಅವನ ಮಾತಿನ ಮೊನೆ ಇರುವುದು ಮುಂದಿನ ವಾಕ್ಯದಲ್ಲಿ: ಹಿಂದೆ ಎಂದೂ ತಾಯಿಯಂತೆ ನನ್ನ ಹಿತವನ್ನು ನೋಡದಿದ್ದವಳು, ಇಂದು ಕೇವಲ ನಿನ್ನ ಹಿತಕ್ಕಾಗಿ ನನಗೆ ಇದನ್ನು ತಿಳಿಸುತ್ತಿದ್ದೀಯೆ. ಬಿಟ್ಟುಹೋದದ್ದಕ್ಕಿಂತಲೂ ಬಂದ ಹೊತ್ತು ಅವನನ್ನು ಹೆಚ್ಚು ನೋಯಿಸಿತು. ಅವಳಿಗಿಂತ ಮೊದಲು ಇದೇ ಸತ್ಯವನ್ನು ತಿಳಿಸಿದ ಕೃಷ್ಣನೂ ಬರಿಗೈಯಲ್ಲಿ ಬಂದಿರಲಿಲ್ಲ. ರಾಜ್ಯದ ಆಸೆಯನ್ನು, ದ್ರೌಪದಿಯ ಆಸೆಯನ್ನು ಜೊತೆಗೆ ತಂದಿದ್ದನು. ಎರಡು ಸಲವೂ ಕರ್ಣನಿಗೆ ತನ್ನ ಹುಟ್ಟಿನ ಸತ್ಯ ಒಂದು ಬೇಡಿಕೆಯ ಜೊತೆಯಲ್ಲೇ ಬಂತು. ನಮ್ಮ ನಾಡಿನ ಹರಿಕಥೆ, ಯಕ್ಷಗಾನಗಳಲ್ಲಿ ಇದು ಇನ್ನೂ ಮೊನಚಾಗಿದೆ. ತೊಟ್ಟ ಬಾಣವನ್ನು ಮರಳಿ ತೊಡುವುದಿಲ್ಲವೆಂಬ ಭಾಷೆಯನ್ನು ಕುಂತಿ ಕೇಳಿ ಪಡೆಯುತ್ತಾಳೆ. 'ಕರ್ಣಭೇದನ' ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಗಳು ಕುಳಿತರೆ ಈ ತಾಯಿ ಮಕ್ಕಳ ನ್ಯಾಯ ಬೆಳಗಾದರೂ ಮುಗಿಯದು.

ವಿದ್ಯಾರ್ಥಿನಿಲಯದಲ್ಲಿ ಕುಳಿತು ನೋಡುವಾಗ ನಾವೆಲ್ಲ ಕರ್ಣನ ಪಕ್ಷ. ಇಪ್ಪತ್ತು ವರ್ಷದವರು ಇನ್ಯಾರ ಪಕ್ಷದಲ್ಲಿರಲು ಸಾಧ್ಯ? ಹತ್ತು ವರ್ಷ ಕಳೆಯುವಷ್ಟರಲ್ಲಿ ನಾವೇ ಪೆಟ್ಟಿಗೆಗೆ ಮೇಣ ಮೆತ್ತುವವರಾದೆವು.

ಇದನ್ನು ಹೇಳಲು ನಮ್ಮ ಪತ್ನಿಯ ಒಪ್ಪಿಗೆಯನ್ನೂ ಮಗನ ಒಪ್ಪಿಗೆಯನ್ನೂ ಪಡೆದೇ ಬಂದಿದ್ದೇವೆ. ನಾವು 1996ರಲ್ಲಿ ಪ್ಲಾಬ್ ಪರೀಕ್ಷೆಯನ್ನು ಮುಗಿಸಿ ಈ ದೇಶದಲ್ಲಿ ಕೆಲಸಕ್ಕೆ ಸೇರಿದೆವು. 1997ರಲ್ಲಿ ಶಿವಮೊಗ್ಗದಲ್ಲಿ ಮಗ ಹುಟ್ಟಿದ. ಅವನಿಗೆ ಹನ್ನೊಂದು ತಿಂಗಳಾದಾಗ, ತಾವೂ ವೈದ್ಯರಾದ ನಮ್ಮ ಪತ್ನಿ ಅವನನ್ನು ತಮ್ಮ ತಾಯಿಯ ಮಡಿಲಿಗೆ ಹಾಕಿ ಇಲ್ಲಿಗೆ ಬಂದರು. ಅಂದಿನ ಕಿರಿಯ ವೈದ್ಯರ ಬದುಕನ್ನು ಈ ಸಭೆಯ ಅರ್ಧದಷ್ಟು ಜನಕ್ಕೆ ವಿವರಿಸಬೇಕಾಗಿಲ್ಲ. ಉಳಿದರ್ಧಕ್ಕಾಗಿ ಎರಡು ಮಾತು. ಎಸ್.ಎಚ್.ಒ. ಹುದ್ದೆಗಳು ಬಹುಪಾಲು ಆರು ತಿಂಗಳಿನವು. ಆರು ತಿಂಗಳಿಗೊಮ್ಮೆ ಊರು, ಆಸ್ಪತ್ರೆ, ಹಾಸಿಗೆ ಎಲ್ಲವೂ ಬದಲು. ಹೊರದೇಶದ ವೈದ್ಯರಿಗೆ ಪರವಾನಗಿಯಿಲ್ಲದೆ ತರಬೇತಿ ಪಡೆಯಲು 1985ರ ನಿಯಮ ಕೊಟ್ಟಿದ್ದ ಅವಧಿ ನಾಲ್ಕು ವರ್ಷ. ಆ ಅವಕಾಶವೂ 2006ರಲ್ಲಿ ಮುಗಿಯಿತು. 1991ರ ಒಪ್ಪಂದ ಕಿರಿಯ ವೈದ್ಯರ ದುಡಿಮೆಗೆ ವಾರಕ್ಕೆ 72 ಗಂಟೆಯ ಮಿತಿ ಹಾಕಿತ್ತು. ಮಿತಿಯೇ 72 ಎಂದಮೇಲೆ ವಾಸ್ತವ ಹೇಗಿತ್ತೆಂದು ಊಹಿಸಿಕೊಳ್ಳಬಹುದು. ನಾವು ಓಲ್ಡಮ್ಮಿನಲ್ಲಿ, ಅವರು ಡಡ್ಲಿಯಲ್ಲಿ. ಆಸ್ಪತ್ರೆಯ ವಸತಿಯಲ್ಲಿ ಒಂದು ಕೋಣೆ, ನಾಲ್ಕು ಜನರ ನಡುವೆ ಒಂದು ಒಲೆ. ಅಂಥಲ್ಲಿ ಕೂಸು ಎಲ್ಲಿರಬೇಕು?

ಆದುದರಿಂದ ಬಿಟ್ಟುಬಂದೆವು ಎಂಬುದು ಕಾರಣ. ಕಾರಣ ಸುಳ್ಳಲ್ಲ. ಆದರೆ ಕಾರಣ ನಿಜವಾಗಿದ್ದ ಮಾತ್ರಕ್ಕೆ ಗಾಯ ಸುಳ್ಳಾಗುವುದಿಲ್ಲ. ಕುಂತಿಗೂ ಕಾರಣವಿತ್ತು.

ನಮ್ಮ ಪತ್ನಿ ವಾರಕ್ಕೊಂದು ಕ್ಯಾಸೆಟ್ಟಿನಲ್ಲಿ ಹಾಡು, ಕಥೆ, ಮುದ್ದು ಮಾತುಗಳನ್ನು ತುಂಬಿ ಅಂಚೆಯಲ್ಲಿ ಕಳುಹಿಸುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು, ಪಕ್ಕದ ಕೋಣೆಯವರಿಗೆ ಕೇಳದಂತೆ ಕಂಬಳಿಯೊಳಗೆ ಮುಖವಿಟ್ಟುಕೊಂಡು ಮಾತನಾಡಿದ ಕ್ಯಾಸೆಟ್ಟುಗಳು ಅವು. ಶಿವಮೊಗ್ಗದಲ್ಲಿ ಅಜ್ಜಿ ಅವನ್ನು ಮಗುವಿಗೆ ಕೇಳಿಸುತ್ತಿದ್ದರು. ಮಗು ಅಜ್ಜಿಯನ್ನು 'ಅಮ್ಮ' ಎಂದು ಕರೆಯಲು ಕಲಿಯಿತು. ಟೇಪ್ ರೆಕಾರ್ಡರಿಗೆ 'ಟೇಪಮ್ಮ' ಎಂದು ಹೆಸರಿಟ್ಟಿತು. ನೆಂಟರೆಲ್ಲ ಇದನ್ನು ಹೇಳಿ ನಗುತ್ತಿದ್ದರು. ನಾವೂ ನಕ್ಕೆವು.

2001ರಲ್ಲಿ, ನಾಲ್ಕು ವರ್ಷದವನಾದಾಗ, ಅವನನ್ನು ಕರೆತಂದೆವು. ಅವನು ಅಳಲಿಲ್ಲ. ಕೊಟ್ಟದ್ದನ್ನು ತಿಂದ, ಹೇಳಿದಾಗ ಮಲಗಿದ, ತನ್ನ ಚಪ್ಪಲಿಯನ್ನು ತಾನೇ ಗೋಡೆಗೆ ಸಾಲಾಗಿ ಇಟ್ಟ. ಎಷ್ಟು ಬೇಗ ಹೊಂದಿಕೊಂಡ, ಎಂಥ ಜಾಣ ಮಗು ಎಂದು ಬಂದುಹೋದವರೆಲ್ಲ ಹೊಗಳಿದರು. ನಾವಿಬ್ಬರೂ ವೈದ್ಯರು, ನಮಗೂ ಅನುಮಾನ ಬರಲಿಲ್ಲ.

ಬರಬೇಕಾಗಿತ್ತು. ಏಕೆಂದರೆ ಈ ವಿಷಯವನ್ನು ಜಗತ್ತಿಗೆ ಎತ್ತಿ ತೋರಿಸಿದವರಲ್ಲಿ ಇದೇ ದೇಶದವರೂ ಇದ್ದರು. ಲಂಡನ್ನಿನ ಟ್ಯಾವಿಸ್ಟಾಕ್ ಚಿಕಿತ್ಸಾಲಯದ ಜಾನ್ ಬೋಲ್ಬಿ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ವರದಿ, ಎಳೆಯ ಮಕ್ಕಳಿಗೆ ಅನ್ನ ಬಟ್ಟೆಗಳಷ್ಟೇ ಅಗತ್ಯವಾದುದು ಬಿಡದೆ ಜೊತೆಗಿರುವ ಒಬ್ಬರ ಮಮತೆ ಎಂದು ವಾದಿಸಿತು. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಸಾಕ್ಷ್ಯಚಿತ್ರ ತೆಗೆದರು. ಎರಡೂವರೆ ವರ್ಷಕ್ಕೆ ಹತ್ತಿರದ ಲಾರಾ ಎಂಬ ಹುಡುಗಿ ಸಣ್ಣ ಶಸ್ತ್ರಚಿಕಿತ್ಸೆಗಾಗಿ ಎಂಟು ದಿನ ಆಸ್ಪತ್ರೆಯಲ್ಲಿ ತಾಯಿಯಿಂದ ದೂರವಿದ್ದುದರ ಚಿತ್ರ ಅದು. ಬೇರೆಯಾದ ಮಗು ಮೊದಲು ಅತ್ತು ರಂಪ ಮಾಡುತ್ತದೆ. ಬಳಿಕ ಸೋತು ಮಂಕಾಗುತ್ತದೆ. ಬಹಳ ಕಾಲವಾದರೆ ಮೂರನೆಯ ಹಂತದಲ್ಲಿ ನಗುತ್ತದೆ, ಆಡುತ್ತದೆ, ಎಲ್ಲರೊಡನೆಯೂ ಬೆರೆಯುತ್ತದೆ, ಆದರೆ ತಾಯಿ ಬಂದರೆ ಅವಳ ಕಡೆ ತಿರುಗುವುದಿಲ್ಲ. ದಾದಿಯರು ಈ ಮೂರನೆಯ ಹಂತವನ್ನೇ 'ಹೊಂದಿಕೊಂಡಿತು' ಎಂದು ತಪ್ಪಾಗಿ ತಿಳಿಯುತ್ತಿದ್ದರು. ಅಳು ನಿಂತದ್ದು ಸಮಾಧಾನದ ಗುರುತಲ್ಲ, ಮಗು ಕಾಯುವುದನ್ನು ಬಿಟ್ಟುಬಿಟ್ಟುದರ ಗುರುತು. ಅಂದಿನ ಅನೇಕ ವೈದ್ಯರು ಇದನ್ನು ಒಪ್ಪಲಿಲ್ಲ. ಆದರೂ 1959ರ ಪ್ಲಾಟ್ ಸಮಿತಿಯ ವರದಿ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ತಂದೆತಾಯಿಗಳು ಯಾವ ಹೊತ್ತಿನಲ್ಲಿಯೂ ನೋಡುವಂತಿರಬೇಕೆಂದು ಶಿಫಾರಸು ಮಾಡಿತು. ಇಂದು ಮಕ್ಕಳ ವಾರ್ಡಿನಲ್ಲಿ ಹಾಸಿಗೆಯ ಪಕ್ಕದಲ್ಲಿ ತಾಯಿಗೊಂದು ಮಲಗುವ ಕುರ್ಚಿ ಇದ್ದರೆ ಅದರ ಹಿಂದೆ ಈ ಇತಿಹಾಸವಿದೆ.

ಬೋಲ್ಬಿ ಅವರ ಮಾತನ್ನು ಯಥಾವತ್ತಾಗಿ ತೆಗೆದುಕೊಂಡು ಕೆಲಸಕ್ಕೆ ಹೋಗುವ ತಾಯಂದಿರನ್ನೆಲ್ಲ ಗೋಳುಹೊಯ್ದುಕೊಂಡ ಕಾಲವೂ ಒಂದಿತ್ತು. ಮನೋವೈದ್ಯ ಮೈಕೆಲ್ ರಟರ್ 1972ರಲ್ಲಿ ಅದನ್ನು ಮರುಪರಿಶೀಲಿಸಿದರು: ಮಗುವಿನ ಬಾಂಧವ್ಯ ಒಬ್ಬ ತಾಯಿಯೊಡನೆ ಮಾತ್ರವಲ್ಲ, ಹಲವರೊಡನೆ ಬೆಳೆಯಬಲ್ಲುದು, ಬೇರ್ಪಡುವುದೊಂದೇ ಕೆಡುಕಿನ ಮೂಲವಲ್ಲ, ಅದರ ಹಿಂದೆ ಮುಂದೆ ಏನಾಯಿತೆಂಬುದೂ ಮುಖ್ಯ. ನಮ್ಮ ಅವಿಭಕ್ತ ಕುಟುಂಬದ ಅಜ್ಜಿಯರಿಗೆ ಇದು ಹೊಸ ವಿಷಯವೇನಲ್ಲ. ಆದರೆ ಈ ತಿದ್ದುಪಡಿಯಿಂದ ನಮಗೆ ಸಿಕ್ಕಿದ್ದು ಬಿಡುಗಡೆಯಲ್ಲ, ಇನ್ನೊಂದು ಪ್ರಶ್ನೆ. ಮಗುವಿಗೆ ಶಿವಮೊಗ್ಗದಲ್ಲಿ ನಿಜವಾದ ತಾಯಿಯೊಬ್ಬಳು ಇದ್ದಳು. ಅದರಿಂದ ಅವನು ಅಲ್ಲಿ ಅನಾಥನಾಗಿರಲಿಲ್ಲ. ಹಾಗಿದ್ದ ಮೇಲೆ 2001ರಲ್ಲಿ ನಾವು ಮಾಡಿದ್ದೇನು? ಅವನಿಗೆ ತಾಯಿಯನ್ನು ಮರಳಿ ಕೊಟ್ಟೆವೆಂದು ನಾವು ತಿಳಿದಿದ್ದೆವು. ಅವನ ಲೆಕ್ಕದಲ್ಲಿ ಅದು ತಾಯಿಯನ್ನು ಕಳೆದುಕೊಂಡ ವರ್ಷ, ಅದೂ ಎರಡನೆಯ ಸಲ.

ಕರ್ಣನು ಜೀವಮಾನವೆಲ್ಲ ರಾಧೇಯನೆಂದೇ ಕರೆಸಿಕೊಂಡನೆಂಬುದು ನಮಗೆ ಅರ್ಥವಾದದ್ದು ಆಮೇಲೆ. ಕೃಷ್ಣನಿಗೆ ಅವನು ಕೊಡುವ ಉತ್ತರದಲ್ಲಿ ರಾಜನೀತಿಗಿಂತ ಮೊದಲು ಬರುವುದು ರಾಧೆ: ನನ್ನನ್ನು ಕಂಡೊಡನೆ ಪ್ರೀತಿಯಿಂದ ಅವಳ ಎದೆಯಲ್ಲಿ ಹಾಲಿಳಿಯಿತು, ನನ್ನ ಮಲಮೂತ್ರವನ್ನು ಅವಳು ಬಳಿದಳು, ಅಂಥವಳ ಪಿಂಡವನ್ನು ನಾನು ಹೇಗೆ ತಪ್ಪಿಸಲಿ ಎನ್ನುತ್ತಾನೆ. ಹೆರದವಳ ಎದೆಯಲ್ಲಿ ಹಾಲು ಬರುವುದು ಪವಾಡವೇ ಆಗಬೇಕಿಲ್ಲವೆಂದು ವೈದ್ಯರಾಗಿ ಒಂದು ಮಾತು ಸೇರಿಸಬಹುದು. ಮಗು ಪದೇ ಪದೇ ಚೀಪುವುದರಿಂದ ಪ್ರೊಲ್ಯಾಕ್ಟಿನ್ ಎಂಬ ರಸ ಹೆಚ್ಚಿ, ದತ್ತು ತೆಗೆದುಕೊಂಡ ತಾಯಂದಿರಲ್ಲಿಯೂ ಸ್ವಲ್ಪಮಟ್ಟಿಗೆ ಹಾಲು ಉತ್ಪತ್ತಿಯಾಗುವುದುಂಟು. ಕಂಡ ಕೂಡಲೇ ಅಲ್ಲ, ವಾರಗಟ್ಟಲೆ ಚೀಪಿಸಿದ ಮೇಲೆ. ಇರಲಿ. 'ನೀನು ರಾಧೆಯ ಮಗನಲ್ಲ' ಎಂದು ಕುಂತಿ ಮಾತು ಪ್ರಾರಂಭಿಸಿದಾಗ, ತಾನು ಏನನ್ನು ಕೊಡುತ್ತಿದ್ದೇನೆಂದು ಮಾತ್ರ ಅವಳು ಬಲ್ಲಳು, ಏನನ್ನು ಕಿತ್ತುಕೊಳ್ಳುತ್ತಿದ್ದೇನೆಂದು ಅರಿಯಳು. ನಾವೂ ವಿಮಾನ ನಿಲ್ದಾಣದಿಂದ ಮನೆಗೆ ಬರುವ ಕಾರಿನಲ್ಲಿ ಮಗುವಿಗೆ ಹೇಳಿದ ಮೊದಲ ಮಾತು ಅದೇ: ಇವರು ನಿನ್ನ ನಿಜವಾದ ಅಮ್ಮ, ಊರಲ್ಲಿರುವವರು ಅಜ್ಜಿ. ಪ್ರೀತಿಯಿಂದಲೇ ಹೇಳಿದೆವು.

ಇಪ್ಪತ್ತು ವರ್ಷ ಏನೂ ಆಗಲಿಲ್ಲ. ಶಾಲೆಯಲ್ಲಿ ಒಳ್ಳೆಯ ಅಂಕ, ಲೀಡ್ಸಿನಲ್ಲಿ ಪದವಿ, ಕೆಲಸ. ತಾಯಿ ತಟ್ಟೆಗೆ ಅನ್ನ ಬಡಿಸಿದರೆ 'ಥ್ಯಾಂಕ್ಸ್' ಎನ್ನುತ್ತಿದ್ದ. ಮನೆಯ ಮಗ ಮನೆಯಲ್ಲಿ ಅತಿಥಿಯಂತೆ ಸೌಜನ್ಯದಿಂದಿರುವುದು ಇಂಗ್ಲೆಂಡಿನ ಸಂಸ್ಕಾರವಿರಬೇಕೆಂದು ನಾವು ಬಗೆದೆವು. ತನ್ನಷ್ಟಕ್ಕೆ ತಾನು ಫೋನು ಮಾಡುತ್ತಿರಲಿಲ್ಲ; ಮಾಡಿದರೆ ತೆರಿಗೆಯ ಪತ್ರ, ಕಾರಿನ ವಿಮೆ. 2009ರಲ್ಲಿ ಅಜ್ಜಿ ತೀರಿಕೊಂಡಾಗ ಅವನಿಗೆ ಹನ್ನೆರಡು. ಶಾಲೆ ತಪ್ಪುತ್ತದೆಂದು ಅವನನ್ನು ಕರೆದೊಯ್ಯಲಿಲ್ಲ. ಅವನೂ ಕೇಳಲಿಲ್ಲ.

2020ರ ಮಾರ್ಚಿಯಲ್ಲಿ ಈ ದೇಶ ಬಾಗಿಲು ಹಾಕಿಕೊಂಡಾಗ ಅವನು ಲೀಡ್ಸಿನಿಂದ ಮನೆಗೆ ಬಂದ. ನಾವು ಚಿಕಿತ್ಸಾಲಯಕ್ಕೆ ಹೋಗಿ ಬಂದು ಮಹಡಿಯ ಮೇಲೆ ಪ್ರತ್ಯೇಕವಾಗಿರುತ್ತಿದ್ದ ದಿನಗಳು ಕಳೆದ ಮೇಲೆ, ಒಂದು ಸಂಜೆ ಹಳೆಯ ಡಿ.ವಿ.ಡಿ.ಗಳನ್ನು ಹೊರತೆಗೆದು ಮೂವರೂ 'ಮಹಾಭಾರತ' ನೋಡಲು ಕುಳಿತೆವು. ಅವನಿಗೆ ಹಿಂದಿ ಬಾರದು, ಅಡಿಬರಹ ಓದಿಕೊಳ್ಳುತ್ತಿದ್ದ. ಗಂಗೆಯ ದಡದ ದೃಶ್ಯ ಮುಗಿಯಿತು. ನಮ್ಮ ಪತ್ನಿ ಎಂದಿನಂತೆ ಕಣ್ಣೊರಸಿಕೊಂಡರು. ಮಗ ಚಿತ್ರವನ್ನು ನಿಲ್ಲಿಸಿ, ತುಸು ಹೊತ್ತು ಸುಮ್ಮನಿದ್ದು, "ಅಮ್ಮ, ಅವಳಿಗೆ ಏನೋ ಬೇಕಾಗುವವರೆಗೆ ಅವಳು ಬರಲೇ ಇಲ್ಲ ಅಲ್ಲವಾ?" ಎಂದು ಕೇಳಿದ. ತಾಯಿ ಉತ್ತರಿಸುವ ಮೊದಲೇ ಮತ್ತೊಂದು ಮಾತು ಬಂತು: "ನೀನು ನನ್ನನ್ನು ಕರೆದುಕೊಂಡು ಬಂದಾಗ ನಿನಗೆ ಏನು ಬೇಕಾಗಿತ್ತು?"

ಅವರು ಹೇಳಿದ್ದು, ಈ ಸಭೆಯ ಎಲ್ಲ ತಾಯಂದಿರೂ ಹೇಳಬಹುದಾದ ಮಾತು: "ಎಲ್ಲ ನಿನಗೋಸ್ಕರವೇ ಮಾಡಿದ್ದು ಕಣೋ." ಮಗ ಎದ್ದು ಲೋಟಗಳನ್ನು ತೊಳೆಯಲು ಹೋದ.

ಆ ಮಾತು ಏಕೆ ಅವನನ್ನು ಎಬ್ಬಿಸಿತೆಂದು ನಾವು ಬಹಳ ಯೋಚಿಸಿದ್ದೇವೆ. ಅದು ನೋಡಲು ವಿವರಣೆಯಂತಿದೆ, ಆದರೆ ಅದೂ ಒಂದು ಬೇಡಿಕೆಯೇ. ನೀನು ಕೃತಜ್ಞನಾಗಿರು, ನಿನ್ನ ನೋವನ್ನು ನಮ್ಮ ತ್ಯಾಗದ ಲೆಕ್ಕಕ್ಕೆ ಜಮಾ ಮಾಡು ಎಂದು ಅದು ಕೇಳುತ್ತದೆ. ಇನ್ನೂ ಸೂಕ್ಷ್ಮವಾದ ಬೇಡಿಕೆ ಕ್ಷಮೆಯದು. 'ನಮ್ಮನ್ನು ಕ್ಷಮಿಸು' ಎಂದು ಕಣ್ಣೀರಿಡುವ ತಾಯಿಯ ಮುಂದೆ ನೊಂದ ಮಗನಿಗೆ ಉಳಿಯುವ ಕೆಲಸ ಅವಳನ್ನು ಸಮಾಧಾನಪಡಿಸುವುದು. ಅವನ ಗಾಯ ಮತ್ತೆ ಸರದಿಯ ಕೊನೆಗೆ ಹೋಗಿ ನಿಲ್ಲುತ್ತದೆ. ನಮ್ಮ ಚಿಕಿತ್ಸಾಲಯಕ್ಕೆ ಬರುವ ಕುಟುಂಬಗಳಲ್ಲಿ, ಅವರು ಯಾವ ದೇಶದಿಂದ ಬಂದವರೇ ಆಗಲಿ, ಹಳೆಯ ಮಾತು ಹೊರಬರುವುದು ಬಹುಮಟ್ಟಿಗೆ ಏನೋ ಬೇಕಾದಾಗಲೇ: ಮಗ ಮದುವೆಗೆ ಒಪ್ಪಬೇಕು, ತಂದೆಯ ಹೃದಯದ ಶಸ್ತ್ರಚಿಕಿತ್ಸೆಗೆ ಮನೆಗೆ ಬರಬೇಕು, ಆಸ್ತಿಯ ಕಾಗದಕ್ಕೆ ರುಜು ಹಾಕಬೇಕು. ಆಗ ಹೇಳಿದ ಸತ್ಯ ಎಷ್ಟೇ ಪ್ರಾಮಾಣಿಕವಾಗಿದ್ದರೂ ಲಂಚದಂತೆ ಕೇಳಿಸುತ್ತದೆ.

ನಮ್ಮದು ವಿಶೇಷ ಪ್ರಸಂಗವೇನಲ್ಲ. 1950, 60ರ ದಶಕಗಳಲ್ಲಿ ಬರ್ಮಿಂಗ್‌ಹ್ಯಾಮಿನ ಹ್ಯಾಂಡ್ಸ್‌ವರ್ತಿಗೆ ಬಂದ ಕೆರಿಬಿಯನ್ ದಾದಿಯರು, ಬಸ್ ಕಂಡಕ್ಟರರು ಮಕ್ಕಳನ್ನು ಅಜ್ಜಿಯರ ಬಳಿ ಬಿಟ್ಟು ಬಂದಿದ್ದರು. ವರ್ಷಗಳ ಮೇಲೆ ಕರೆಸಿಕೊಂಡಾಗ ಅಪರಿಚಿತರಂತೆ ಎದುರಾದರು. ಆಂಗ್ಲರ ಮನೆಗಳಲ್ಲಿ ಬೇರೆ ಬಗೆಯ ಪೆಟ್ಟಿಗೆಗಳಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1949ರಿಂದ 1976ರವರೆಗೆ ಅವಿವಾಹಿತ ತಾಯಂದಿರ ಸುಮಾರು 1,85,000 ಶಿಶುಗಳನ್ನು ಅವರಿಂದ ತೆಗೆದು ದತ್ತು ಕೊಡಲಾಯಿತೆಂದು ಸಂಸತ್ತಿನ ಮಾನವ ಹಕ್ಕುಗಳ ಜಂಟಿ ಸಮಿತಿ 2022ರ ವರದಿಯಲ್ಲಿ ಅಂದಾಜು ಮಾಡಿತು. ಅವರಲ್ಲಿ ಅನೇಕರು ಕುಂತಿಯಂತೆ ಹೆದರಿದ ಎಳೆಯ ಹುಡುಗಿಯರು. ಪೆಟ್ಟಿಗೆ ಮಾಡಿದವರು ಮಾತ್ರ ಅವರಲ್ಲ. ಮನೆಯವರು, ಧರ್ಮಸಂಸ್ಥೆಯವರು, ಅಧಿಕಾರಿಗಳು, ನಮ್ಮ ವೃತ್ತಿಯವರು.

ಆದರೆ ಈ ದೇಶ ಅನುಭವದಿಂದ ಕಲಿತ ಒಂದು ಪಾಠ ನಮಗೆ ಬೇಕಾದದ್ದು. 1975ರ ಮಕ್ಕಳ ಕಾಯಿದೆ, ದತ್ತು ಹೋದವರು 18 ವರ್ಷ ತುಂಬಿದ ಮೇಲೆ ತಮ್ಮ ಮೂಲ ಜನನಪತ್ರವನ್ನು ನೋಡಬಹುದೆಂದು ಹೇಳಿತು. ಹೆತ್ತ ತಾಯಿ ತಾನಾಗಿ ಹುಡುಕಲು ಬಯಸಿದರೆ ನಡುವೆ ನಿಲ್ಲುವ ಮಧ್ಯವರ್ತಿಗಳ ವ್ಯವಸ್ಥೆ 2002ರ ಕಾಯಿದೆಯಿಂದ ಆಯಿತು. ಅದು ಜಾರಿಗೆ ಬಂದದ್ದು 2005ರ ಕೊನೆಯಲ್ಲಿ. ಮಧ್ಯವರ್ತಿಯು ಮೊದಲು ಮಗನನ್ನು ಕೇಳಬೇಕು; ಬೇಡವೆಂದರೆ ಅವನ ವಿಳಾಸವನ್ನು ತಾಯಿಗೆ ಕೊಡುವಂತಿಲ್ಲ. 2011ರಿಂದ ಐ.ಟಿ.ವಿ.ಯಲ್ಲಿ ಬಂದ 'ಲಾಂಗ್ ಲಾಸ್ಟ್ ಫ್ಯಾಮಿಲಿ'ಯನ್ನು ತಾವು ನೋಡಿರಬಹುದು. ಸಂಗೀತ ಸ್ವಲ್ಪ ಹೆಚ್ಚಾಯಿತೆಂಬುದನ್ನು ಬಿಟ್ಟರೆ ಆ ಕಾರ್ಯಕ್ರಮದ ಕ್ರಮ ಸರಿಯಾದುದು: ಮೊದಲು ಪತ್ರ, ಬಳಿಕ ಭಾವಚಿತ್ರ, ಅವನು ಒಪ್ಪಿದರೆ ಭೇಟಿ. ಬಾಗಿಲ ಹಿಡಿ ಬಿಟ್ಟುಹೋದವರ ಕೈಯಲ್ಲಿರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದುದು ಕಲ್ಪಿತ ಧಾರಾವಾಹಿಗಳ ನೀತಿ. ಓಲ್ಡಮ್ಮಿನ ವಾರ್ಡಿನಲ್ಲಿ ಇಲ್ಲಿನ ಉಚ್ಚಾರಣೆಯನ್ನು ನಮಗೆ ಕಲಿಸಿದ್ದು ಮ್ಯಾಂಚೆಸ್ಟರಿನ 'ಕಾರೊನೇಶನ್ ಸ್ಟ್ರೀಟ್'. 1960ರ ಡಿಸೆಂಬರಿನಿಂದ ನಡೆದುಬಂದ ಅದರಲ್ಲಿ ಮುರಿದ ತಾಯಿ ಮಕ್ಕಳಿಗೆ ಕೊರತೆಯಿಲ್ಲ. 1995ರಲ್ಲಿ ಹುಟ್ಟಿದ ಡೇನಿಯಲ್ ದೊಡ್ಡವನಾದ ಮೇಲೆ, 2017ರಲ್ಲಿ, ಅವನ ತಾಯಿ ಡೆನಿಸ್ ಮತ್ತೆ ಕಥೆಯೊಳಕ್ಕೆ ಬರುತ್ತಾಳೆ. ಧಾರಾವಾಹಿಯಲ್ಲಿ ಹೀಗೆ ಮರಳುವ ತಾಯಿ ಬಾಗಿಲು ತಟ್ಟದೆ ಬರಲೇಬೇಕು, ಬೀದಿಯಲ್ಲಿ ಕೂಗಾಟವಾಗಲೇಬೇಕು. ಇಲ್ಲದಿದ್ದರೆ ನಾಳೆ ಯಾರು ನೋಡುತ್ತಾರೆ? ನಮ್ಮ ಕನ್ನಡದ ಧಾರಾವಾಹಿಗಳೂ ಇದಕ್ಕೆ ಹಿಂದಲ್ಲ, ಇನ್ನೊಂದು ಹೆಜ್ಜೆ ಮುಂದೆ: ತಾಯಿ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದೊಡನೆ ಮಗ ಪಾದ ಹಿಡಿದು ಅಳುತ್ತಾನೆ, ಇಪ್ಪತ್ತು ವರ್ಷದ ಲೆಕ್ಕ ಜಾಹೀರಾತಿಗೆ ಮುಂಚೆ ಚುಕ್ತಾ ಆಗುತ್ತದೆ. ವ್ಯಾಸರು ಅಂಥ ಸುಲಭದ ದಾರಿ ಹಿಡಿಯಲಿಲ್ಲ. ಕರ್ಣ ತಾಯಿಯನ್ನು ಸೇರುವುದಿಲ್ಲ, ಬರಿಗೈಯಲ್ಲಿ ಕಳುಹಿಸುವುದೂ ಇಲ್ಲ. ಅರ್ಜುನನನ್ನುಳಿದು ನಾಲ್ವರನ್ನು ಕೊಲ್ಲುವುದಿಲ್ಲ, ನಿನಗೆ ಹೇಗೂ ಐವರು ಮಕ್ಕಳು ಉಳಿಯುತ್ತಾರೆ ಎನ್ನುತ್ತಾನೆ. ಕುಂತಿ ನಡುಗುತ್ತ ಅವನನ್ನು ಅಪ್ಪಿಕೊಂಡು, ಕೊಟ್ಟಷ್ಟನ್ನು ತೆಗೆದುಕೊಂಡು ಹೋಗುತ್ತಾಳೆ. ಈ ಒಂದು ಗಳಿಗೆಯಲ್ಲಿ ಆಕೆಯ ಮೇಲೆ ನಮಗೆ ಗೌರವ ಮೂಡುತ್ತದೆ. ಬೆಳೆದ ಮಗ ತಿಂಗಳಿಗೊಂದು ಫೋನು ಕೊಟ್ಟರೆ ತಿಂಗಳಿಗೊಂದು ಫೋನು. ಅವನು ದೂರವಿರಲು ಬಯಸುವುದೆಲ್ಲ ರೋಗವಲ್ಲ, ಅದಕ್ಕೆ ಔಷಧಿ ಬರೆದುಕೊಡಿರೆಂದು ಜಿ.ಪಿ.ಯನ್ನು ಕೇಳುವುದೂ ತರವಲ್ಲ. ಕೇಳಿದವರಿದ್ದಾರೆ!

ಇಷ್ಟು ಹೊತ್ತೂ ತಾಯಿಯ ಮಾತೇ ಆಯಿತು. ತಂದೆಯನ್ನು ಯಾರೂ ಕೇಳುವುದಿಲ್ಲ. ದಿನವೂ ಕರ್ಣನ ಕಣ್ಣೆದುರಿಗೆ ಹುಟ್ಟಿ ಮುಳುಗುತ್ತಿದ್ದ ಸೂರ್ಯನ ಮೇಲೆ ಅವನು ಒಂದು ದೂರನ್ನೂ ಹೇಳಿದಂತಿಲ್ಲ; ಅವನನ್ನು ಪೂಜಿಸುತ್ತಲೇ ಇದ್ದ. 1998ರಲ್ಲಿ ಮಗುವನ್ನು ಬಿಡೋಣವೆಂದು ಮೊದಲು ಹೇಳಿದ್ದು ನಾವು. ಟಿಕೆಟ್ಟು ಕೊಂಡದ್ದೂ ನಾವೇ. 2020ರ ಆ ಸಂಜೆ ಮಗ ಪ್ರಶ್ನೆ ಕೇಳಿದ್ದು ತಾಯಿಯನ್ನು. ನಾವು ಪಕ್ಕದ ಕುರ್ಚಿಯಲ್ಲಿ ಚಾನೆಲ್ ಬದಲಿಸುವ ಸಾಧನವನ್ನು ಹುಡುಕುತ್ತಿದ್ದೆವು.

ಕೆಲವು ತಿಂಗಳು ಕಳೆದ ಮೇಲೆ, ಅವನಿಂದ ಏನೂ ಬೇಕಿಲ್ಲದ ಒಂದು ದಿನವನ್ನು ನೋಡಿ, ನಾವಿಬ್ಬರೂ ಮತ್ತೆ ಮಾತನಾಡಿದೆವು. ಮುಂಚೆಯೇ ಕೇಳಿ ಒಪ್ಪಿಸಿಕೊಂಡು, ಅವನು ಆರಿಸಿದ ಜಾಗದಲ್ಲಿ, ಲೀಡ್ಸಿನ ರೌಂಡ್‌ಹೇ ಉದ್ಯಾನದ ಕೆರೆಯ ಸುತ್ತ ನಡೆಯುತ್ತ. ಎದುರು ಬದುರು ಕುಳಿತು ಹೇಳಲಾಗದ ಮಾತು ನಡೆಯುವಾಗ ಬರುತ್ತದೆ. ಏನಾಯಿತು, ಯಾವಾಗ, ಯಾರು ನಿಶ್ಚಯಿಸಿದರು ಎಂಬುದನ್ನು ಮಾತ್ರ ಹೇಳಿದೆವು. ಏಕೆ ಎಂದು ಅವನು ಕೇಳಿದರೆ ಹೇಳುವುದೆಂದು ಮೊದಲೇ ಮಾತಾಗಿತ್ತು, ಅವನು ಕೇಳಲಿಲ್ಲ. ಅಜ್ಜಿಯ ಉತ್ತರಕ್ರಿಯೆಗೆ ಕರೆದೊಯ್ಯದಿದ್ದದ್ದು ತಪ್ಪು ಎಂದೆವು. ನಮ್ಮ ಪತ್ನಿಗೆ ಅಳು ಬಂತು, ಆದರೆ ಕ್ಷಮಿಸೆಂದು ಕೇಳಲಿಲ್ಲ. ಅದು ಎಷ್ಟು ಕಷ್ಟವೆಂಬುದನ್ನು ನಾವು ಪಕ್ಕದಲ್ಲಿದ್ದು ಕಂಡೆವು.

ಅರ್ಧ ಸುತ್ತು ಆದ ಮೇಲೆ ಅವನು ಒಂದೇ ಪ್ರಶ್ನೆ ಕೇಳಿದ: "ನನ್ನನ್ನು ಕರಕೊಂಡು ಬಂದ ದಿನ ಅಜ್ಜಿ ಏನು ಮಾಡಿದಳು?"

ನಮಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ನಾವು ಅದನ್ನು ಯಾರಲ್ಲಿಯೂ ವಿಚಾರಿಸಿರಲಿಲ್ಲ. ಕರ್ಣ ಸತ್ತ ಮೇಲೆ ರಾಧೆ ಏನಾದಳೆಂದು ಮಹಾಭಾರತವನ್ನು ಓದಿದವರು ಎಷ್ಟು ಮಂದಿ ವಿಚಾರಿಸಿದ್ದೇವೆ? ಅಂದೇ ರಾತ್ರಿ ಶಿವಮೊಗ್ಗಕ್ಕೆ ಫೋನು ಮಾಡಿ ನಮ್ಮ ಪತ್ನಿಯ ತಮ್ಮನನ್ನು ಕೇಳಿದೆವು. ಬೆಂಗಳೂರಿನ ವಿಮಾನ ನಿಲ್ದಾಣದಿಂದ ಹಿಂದಿರುಗುವ ರಾತ್ರಿ ಬಸ್ಸಿನಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲವಂತೆ. ಬಹಳ ದಿನ ಊಟದ ಹೊತ್ತಿಗೆ ಮಗುವಿನ ತಟ್ಟೆಯನ್ನೂ ಹಾಕುತ್ತಿದ್ದರಂತೆ, ಆಮೇಲೆ ತಾವೇ ಎತ್ತಿ ಕವುಚಿಡುತ್ತಿದ್ದರಂತೆ. ಕ್ಯಾಸೆಟ್ಟುಗಳನ್ನು ಯಾರಿಗೂ ಮುಟ್ಟಗೊಡಲಿಲ್ಲವಂತೆ. ಏಕೆಂದರೆ ಅವುಗಳ ಹಿಂಬದಿಯಲ್ಲಿ ಅವರು ಮಗುವಿನ ಮಾತನ್ನು ತುಂಬಿಸಿಕೊಂಡಿದ್ದರು.

ಇದನ್ನೆಲ್ಲ ಮಗನಿಗೆ ಹೇಳಿದೆವು. ಅವನು ಕೊನೆಯವರೆಗೂ ಕೇಳಿಸಿಕೊಂಡು, ಮಾವನ ಫೋನು ನಂಬರು ಕೊಡಿ ಎಂದು ಬರೆದುಕೊಂಡ.